ಪೊಲೀಸರ ಮೇಲೆ ದೂರಿದ್ದರೆ ಯಾರಲ್ಲಿ ಹೇಳಬೇಕು?

ಕಾನೂನು ಅಂಕಣ: ಓದುಗರ ಪ್ರಶ್ನೆಗೆ ವಕೀಲರ ಉತ್ತರ

ಈ ಬಾರಿ ಕಾಸರಗೋಡು ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಬೇರೆ ಬೇರೆ ಬದಿಯಿಂದ ಕೇಳಿವೆ: ಪೊಲೀಸರು ತಪ್ಪು ಮಾಡಿದರೆ ಅದನ್ನು ವಿಚಾರಿಸುವ ಅಧಿಕಾರ ಪೊಲೀಸರಲ್ಲದವರಿಗೆ ಇದೆಯೇ? ಆದುದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇದೊಂದಕ್ಕೇ ಪುಟಗಳನ್ನು ಮೀಸಲಿಟ್ಟಿದ್ದೇವೆ. ಕೇಳಿದವರ ಹೆಸರನ್ನೂ ಠಾಣೆಗಳ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಬೈಕಿನಲ್ಲಿ ಪೇಟೆಗೆ ಹೋದವನನ್ನು ವಾಹನ ತಪಾಸಣೆಯ ವೇಳೆ ಮಾತಿಗೆ ಮಾತು ಬೆಳೆದುದಕ್ಕಾಗಿ ಠಾಣೆಗೆ ಕರೆದೊಯ್ದು, ರಾತ್ರಿಯ ತನಕ ಕೂರಿಸಿ, ಕೆನ್ನೆಗೆ ಹೊಡೆದು, ಕೇಸು ಏನೂ ಹಾಕದೆ ಕಳುಹಿಸಿದರು. ಮರುದಿನ ಎಡಕಿವಿ ಸರಿಯಾಗಿ ಕೇಳಿಸಲಿಲ್ಲ. ಕಿವಿಯ ತಮಟೆಗೆ ಪೆಟ್ಟಾಗಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಡಿವೈಎಸ್‌ಪಿಯವರಿಗೆ ದೂರು ಕೊಟ್ಟಾಗ ವಿಚಾರಿಸುತ್ತೇವೆ ಎಂದಿದ್ದಾರೆ. ಪೊಲೀಸರ ತಪ್ಪನ್ನು ಪೊಲೀಸರೇ ವಿಚಾರಿಸಿದರೆ ನ್ಯಾಯ ಸಿಕ್ಕೀತೇ? ಹೊರಗಿನವರು ಯಾರಾದರೂ ಇದ್ದಾರೆಯೇ?
(ಕೃಷಿಕರು, ಬದಿಯಡ್ಕ ಸಮೀಪ)

ಉತ್ತರ: ಇದ್ದಾರೆ. ಅವರ ಹೆಸರೇ ನಮ್ಮ ಊರುಗಳಿಗೆ ಸರಿಯಾಗಿ ತಲುಪಿಲ್ಲ ಎಂಬುದು ನನ್ನ ಮನಸ್ಸಿಗೆ ನೋವುಂಟುಮಾಡುವ ಸಂಗತಿ.

2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ತೀರ್ಪು ನೀಡಿ, ಪ್ರತಿ ರಾಜ್ಯದಲ್ಲಿಯೂ ಪ್ರತಿ ಜಿಲ್ಲೆಯಲ್ಲಿಯೂ ಪೊಲೀಸ್ ದೂರು ಪ್ರಾಧಿಕಾರವನ್ನು ಸ್ಥಾಪಿಸಬೇಕೆಂದು ಆದೇಶಿಸಿತು. ಆ ಮೊಕದ್ದಮೆಯನ್ನು 1996ರಲ್ಲಿ ಹೂಡಿದವರು ಪೊಲೀಸರಿಂದ ನೊಂದ ಯಾರೋ ಅಲ್ಲ, ಪೊಲೀಸ್ ಇಲಾಖೆಯ ಉನ್ನತ ಹುದ್ದೆಯಿಂದ ನಿವೃತ್ತರಾದ ಅಧಿಕಾರಿಗಳೇ ಎಂಬುದನ್ನು ನೆನಪಿಡಬೇಕು. ಇಲಾಖೆಯ ಒಳಗಿನ ವಿಚಾರಣೆಯೊಂದೇ ಸಾಲದು ಎಂಬುದು ಇಲಾಖೆಯನ್ನು ಒಳಗಿನಿಂದ ಬಲ್ಲವರ ಅಭಿಪ್ರಾಯವೂ ಆಗಿತ್ತು. ಕೇರಳದಲ್ಲಿ ಈ ವ್ಯವಸ್ಥೆ 2011ರ ಕೇರಳ ಪೊಲೀಸ್ ಕಾಯ್ದೆಯ 110ನೇ ಸೆಕ್ಷನ್ನಿನಲ್ಲಿದೆ. ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಜಿಲ್ಲಾಧಿಕಾರಿ ಮತ್ತು ಜಿಲ್ಲಾ ಪೊಲೀಸ್ ಮುಖ್ಯಸ್ಥರು ಸದಸ್ಯರು. ಕಾನ್‌ಸ್ಟೇಬಲ್‌ನಿಂದ ಹಿಡಿದು ಡಿವೈಎಸ್‌ಪಿ ದರ್ಜೆಯ ತನಕದವರ ಮೇಲಿನ ದೂರುಗಳನ್ನು ಈ ಪ್ರಾಧಿಕಾರ ಪರಿಶೀಲಿಸುತ್ತದೆ. ಎಸ್‌ಪಿ ಮತ್ತು ಅದಕ್ಕಿಂತ ಮೇಲಿನವರ ಮೇಲಿನ ದೂರುಗಳನ್ನು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಗಳ ಅಧ್ಯಕ್ಷತೆಯ ರಾಜ್ಯ ಪ್ರಾಧಿಕಾರ ನೋಡುತ್ತದೆ. ಇದರ ಜೊತೆಗೆ, ಸಾವು, ತೀವ್ರ ಗಾಯ, ಅತ್ಯಾಚಾರ, ಕಸ್ಟಡಿಯಲ್ಲಿ ಮಹಿಳೆಯ ಮೇಲಿನ ಲೈಂಗಿಕ ಕಿರುಕುಳ ಇಂತಹ ಗಂಭೀರ ಆರೋಪಗಳಿದ್ದರೆ, ಆರೋಪಿ ಯಾವ ದರ್ಜೆಯವರೇ ಆಗಿರಲಿ, ದೂರು ರಾಜ್ಯ ಪ್ರಾಧಿಕಾರಕ್ಕೆ ಹೋಗಬಹುದು.

ತಮ್ಮ ಮಗನ ವಿಷಯದಲ್ಲಿ ಈ ಕೊನೆಯ ಮಾತು ಮುಖ್ಯ. ಈಗಿನ ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ನಿನಂತೆ ಒಂದು ಕಿವಿಯ ಶ್ರವಣಶಕ್ತಿ ಶಾಶ್ವತವಾಗಿ ಹೋದರೆ ಅದು ತೀವ್ರ ಗಾಯ. ಗಾಯದಿಂದಾಗಿ 15 ದಿನಗಳ ಕಾಲ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯವೇ. ಆದುದರಿಂದ ಕಿವಿ ತಜ್ಞರಿಂದ ಶ್ರವಣ ಪರೀಕ್ಷೆ ಮಾಡಿಸಿ ಲಿಖಿತ ವರದಿ ಪಡೆಯುವುದು ಮೊದಲ ಕೆಲಸ. ಮೊದಲ ದಿನ ಆಸ್ಪತ್ರೆಯಲ್ಲಿ ಬರೆದ ವೂಂಡ್ ಸರ್ಟಿಫಿಕೇಟಿನ (ಗಾಯದ ಪ್ರಮಾಣಪತ್ರದ) ಪ್ರತಿಯನ್ನೂ ಕೇಳಿ ಪಡೆಯಿರಿ. ಅದರಲ್ಲಿ ಗಾಯ ಹೇಗಾಯಿತು ಎಂದು ರೋಗಿ ಹೇಳಿದ್ದನ್ನು ವೈದ್ಯರು ದಾಖಲಿಸುವ ಒಂದು ಸಾಲು ಇರುತ್ತದೆ. ನಮ್ಮ ಮಕ್ಕಳು ಹೆದರಿಕೆಯಿಂದಲೋ ನಾಚಿಕೆಯಿಂದಲೋ ಅಲ್ಲಿ 'ಬಿದ್ದು ಪೆಟ್ಟಾಯಿತು' ಎಂದು ಬರೆಸಿಬಿಡುತ್ತಾರೆ, ಮತ್ತು ಆರು ತಿಂಗಳ ನಂತರ ವಿಚಾರಣೆಯಲ್ಲಿ ಎದುರು ಪಕ್ಷದವರು ಓದಿ ಹೇಳುವುದು ಆ ಒಂದು ಸಾಲನ್ನೇ. ಹಾಗೆ ಬರೆಸಿದ್ದರೂ ಎದೆಗುಂದಬೇಕಾಗಿಲ್ಲ. ಯಾಕೆ ಹಾಗೆ ಹೇಳಬೇಕಾಯಿತು ಎಂಬುದನ್ನು ದೂರಿನಲ್ಲಿಯೇ ಬಿಡಿಸಿ ಹೇಳಿ.

ದೂರನ್ನು ಮಗನೇ ಬರೆದು ಸಹಿ ಹಾಕುವುದು ಒಳ್ಳೆಯದು. ಯಾವ ದಿನ, ಎಷ್ಟು ಗಂಟೆಗೆ, ರಸ್ತೆಯ ಯಾವ ಭಾಗದಲ್ಲಿ ತಡೆದರು, ಜೀಪಿನಲ್ಲಿ ಯಾರೆಲ್ಲ ಇದ್ದರು, ಠಾಣೆಯೊಳಗೆ ಎಲ್ಲಿ ಕೂರಿಸಿದರು, ಯಾರು ಹೊಡೆದರು, ಬಿಡುವಾಗ ಯಾವ ಕಾಗದಕ್ಕೆ ಸಹಿ ಹಾಕಿಸಿದರು ಎಂಬುದನ್ನು ನೆನಪಿಗೆ ಬಂದಂತೆ, ಅಲಂಕಾರವಿಲ್ಲದೆ ಬರೆಯಬೇಕು. ಹೆಸರು ಗೊತ್ತಿಲ್ಲದಿದ್ದರೆ ಸಮವಸ್ತ್ರದಲ್ಲಿ ಕಂಡ ಗುರುತು, ಎತ್ತರ, ಮಾತಿನ ರೀತಿ ಬರೆದರೂ ಸಾಕು. ಅಂದು ಕರ್ತವ್ಯದಲ್ಲಿದ್ದವರು ಯಾರೆಂದು ಠಾಣೆಯ ದಾಖಲೆಯಿಂದ ತರಿಸಿಕೊಳ್ಳುವ ಶಕ್ತಿ ಪ್ರಾಧಿಕಾರಕ್ಕಿದೆ, ಏಕೆಂದರೆ ಸಾಕ್ಷಿಗಳನ್ನು ಕರೆಸುವುದರಲ್ಲಿಯೂ ದಾಖಲೆ ತರಿಸುವುದರಲ್ಲಿಯೂ ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಠಾಣೆಯಲ್ಲಿ ದಿನದಿನದ ಆಗುಹೋಗುಗಳನ್ನು ಬರೆದಿಡುವ ಜನರಲ್ ಡೈರಿಯಲ್ಲಿ ಆ ದಿನದ ನಮೂದು ಏನಿದೆ ಎಂಬುದನ್ನು ಪರಿಶೀಲಿಸಬೇಕೆಂದು ದೂರಿನಲ್ಲಿಯೇ ಕೋರಿಕೊಳ್ಳಿ. ಮಗನನ್ನು ಕರೆತಂದ ಬಗ್ಗೆ ಅಲ್ಲಿ ಒಂದಕ್ಷರವೂ ಇಲ್ಲದಿದ್ದರೆ ಆ ಮೌನವೇ ಒಂದು ಸಾಕ್ಷ್ಯ.

ಪ್ರಾಧಿಕಾರ ಶಿಕ್ಷೆ ಕೊಡುವ ನ್ಯಾಯಾಲಯವಲ್ಲ. ಆರೋಪ ನಿಜವೆಂದು ಕಂಡರೆ ಇಲಾಖಾ ಕ್ರಮ ಕೈಗೊಳ್ಳಬೇಕೆಂದೋ ಕ್ರಿಮಿನಲ್ ಕೇಸು ದಾಖಲಿಸಬೇಕೆಂದೋ ಶಿಫಾರಸು ಮಾಡುತ್ತದೆ, ಮತ್ತು ಆ ಶಿಫಾರಸಿಗೆ ಸಂಬಂಧಪಟ್ಟ ಅಧಿಕಾರಿಗಳು ಬದ್ಧರು ಎಂದು 2006ರ ತೀರ್ಪು ಸ್ಪಷ್ಟವಾಗಿ ಹೇಳಿದೆ. ದೂರು ಕೊಟ್ಟ ಮಾತ್ರಕ್ಕೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ದಾರಿ ಮುಚ್ಚುವುದಿಲ್ಲ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು; ಆದರೆ ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲವಾದುದರಿಂದ 'ಡಿವೈಎಸ್‌ಪಿಯವರ ಉತ್ತರ ಬರಲಿ' ಎಂದು ಕಾಯುತ್ತಾ ದಿನ ಕಳೆಯಬೇಡಿ.

ತಾವು ಕೇಳಿದ ಮೂಲ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಪೊಲೀಸರ ತಪ್ಪನ್ನು ಪೊಲೀಸರೇ ವಿಚಾರಿಸಬಾರದು ಎಂಬ ಕಾರಣಕ್ಕೆ ಹುಟ್ಟಿದ ಪ್ರಾಧಿಕಾರದಲ್ಲಿ ಅದೇ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರಾಗಿ ಕುಳಿತಿರುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಸುಪ್ರೀಂ ಕೋರ್ಟು ಹೇಳಿದ್ದು ಬೇರೆ: ಮಾನವ ಹಕ್ಕುಗಳ ಆಯೋಗ, ಲೋಕಾಯುಕ್ತ, ಲೋಕಸೇವಾ ಆಯೋಗ ಇಂತಹ ಸಂಸ್ಥೆಗಳು ಸಿದ್ಧಪಡಿಸಿದ ಪಟ್ಟಿಯಿಂದ ಸದಸ್ಯರನ್ನು ಆರಿಸಬೇಕು, ಆ ಪಟ್ಟಿಯಲ್ಲಿ ನಿವೃತ್ತ ಅಧಿಕಾರಿಗಳ ಜೊತೆಗೆ ನಾಗರಿಕ ಸಮಾಜದವರೂ ಇರಬಹುದು, ಅವರು ಪೂರ್ಣಾವಧಿಗೆ ಈ ಕೆಲಸವನ್ನೇ ಮಾಡಬೇಕು ಎಂದು. ನಮ್ಮ ಜಿಲ್ಲಾ ಪ್ರಾಧಿಕಾರದಲ್ಲಿ ನ್ಯಾಯಾಧೀಶರನ್ನು ಬಿಟ್ಟರೆ ಉಳಿದ ಇಬ್ಬರೂ ಹಾಲಿ ಅಧಿಕಾರಿಗಳು. ಬೇರೆ ಹತ್ತಾರು ಜವಾಬ್ದಾರಿಗಳ ನಡುವೆ ಇದಕ್ಕೆ ಸಮಯ ಮಾಡಿಕೊಳ್ಳಬೇಕಾದವರು. ಒಬ್ಬ ಕೃಷಿಕ, ಒಬ್ಬ ಶಿಕ್ಷಕಿ, ಒಬ್ಬ ಕಾರ್ಮಿಕ ಪ್ರತಿನಿಧಿ ಅಲ್ಲಿ ಕೂರುವ ದಿನ ಬರಬೇಕು. ಅಲ್ಲಿಯವರೆಗೂ ಅಧ್ಯಕ್ಷ ಸ್ಥಾನದಲ್ಲಿರುವವರು ವರ್ಷಗಟ್ಟಲೆ ಸಾಕ್ಷ್ಯವನ್ನು ತೂಗಿದ ನ್ಯಾಯಾಧೀಶರು ಎಂಬ ಭರವಸೆಯಿಂದ ತಾವು ದೂರು ಕೊಡಿ ಎಂದೇ ನನ್ನ ಸಲಹೆ. ಪ್ರಾಧಿಕಾರ ಸಭೆ ಸೇರುವ ದಿನವನ್ನು ವಿದ್ಯಾನಗರದ ಕಲೆಕ್ಟರೇಟಿನಲ್ಲಿ ವಿಚಾರಿಸಿದರೆ ತಿಳಿಯುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಕನ್ನಡ ಮಾಧ್ಯಮದಲ್ಲಿ ಕಲಿತು ಕಲಿಸಿದವಳು. ಮನೆಯ ಮುಂದಿನ ದಾರಿಯ ತಕರಾರಿನ ಬಗ್ಗೆ ಠಾಣೆಗೆ ಕನ್ನಡದಲ್ಲಿ ದೂರು ಕೊಂಡೊಯ್ದಾಗ 'ಮಲಯಾಳದಲ್ಲಿ ಬರೆಸಿ ತನ್ನಿ' ಎಂದು ಹಿಂದಿರುಗಿಸಿದರು. ಹಾಗೆ ಹೇಳಬಹುದೇ? ಪೊಲೀಸರ ಮೇಲಿನ ದೂರನ್ನಾದರೂ ಕನ್ನಡದಲ್ಲಿ ಕೊಡಬಹುದೇ?
(ಮಂಜೇಶ್ವರ)

ಉತ್ತರ: ಹಾಗೆ ಹೇಳುವಂತಿಲ್ಲ, ಅಮ್ಮ. ಸಂವಿಧಾನದ 350ನೇ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಬಗ್ಗೆ ರಾಜ್ಯದ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇನ್ನೂ ಮುಂದೆ ಹೋಗಿ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯೇಟ್, ಇಲಾಖಾ ಮುಖ್ಯಸ್ಥರು ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದೂ ಹೇಳಿದೆ. 1956ರಲ್ಲಿ ಈ ನಾಡು ಕೇರಳಕ್ಕೆ ಸೇರಿದಾಗಿನಿಂದ ನಮ್ಮ ಹಿರಿಯರು ಹೋರಾಡಿ ಉಳಿಸಿಕೊಂಡ ಹಕ್ಕು ಇದು. ಠಾಣೆಯ ಮೇಜಿನ ಎದುರು ಕಳೆದುಕೊಳ್ಳಬಾರದು.

ಅಪರಾಧದ ಮಾಹಿತಿಯನ್ನು ಬಾಯಿಮಾತಿನಲ್ಲಿ ಹೇಳಿದರೂ ಬರೆದುಕೊಂಡು, ಹೇಳಿದವರಿಗೆ ಓದಿ ತಿಳಿಸಿ, ಸಹಿ ಪಡೆಯಬೇಕು. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನು. ಮಲಯಾಳದಲ್ಲಿ ಬರೆದುಕೊಂಡರೆ ಅದರ ಅರ್ಥವನ್ನು ತಮಗೆ ತಿಳಿಯುವ ಭಾಷೆಯಲ್ಲಿ ಹೇಳಿದ ನಂತರವೇ ಸಹಿ ಹಾಕಿ. ಎಫ್‌ಐಆರ್ ಆಗದ ಸಾಮಾನ್ಯ ಮನವಿಯಾದರೂ ಅದನ್ನು ದಾಖಲಿಸಿ ರಶೀದಿ ಕೊಡುವುದು ಕೇರಳ ಪೊಲೀಸ್ ಕಾಯ್ದೆಯ 8ನೇ ಸೆಕ್ಷನ್ನಿನಂತೆ ದೂರುದಾರರ ಹಕ್ಕು. ರಶೀದಿಯಲ್ಲಿ ಪೆಟಿಷನ್ ನಂಬರು, ದಿನಾಂಕ ಇವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ವಾದಕ್ಕೆ ನಿಲ್ಲದೆ ಅದೇ ಕನ್ನಡ ಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಠಾಣಾಧಿಕಾರಿಗೂ ಇನ್ನೊಂದು ಪ್ರತಿಯನ್ನು ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೂ ಕಳುಹಿಸಿ.

ದೂರು ಪ್ರಾಧಿಕಾರಕ್ಕೂ ಕನ್ನಡದಲ್ಲಿ ಬರೆಯಬಹುದು. ವಿಚಾರಣೆಯ ದಿನ ಹೇಳಿಕೆ ಕೊಡುವಾಗ ಭಾಷಾಂತರಕಾರರು ಬೇಕೆಂದು ದೂರಿನ ಮೊದಲ ಪುಟದಲ್ಲಿಯೇ ಒಂದು ಸಾಲು ಸೇರಿಸಿ. ನೊಂದವರು ಹೇಳಿದ ಮಾತಿನ ಬಿಸಿ ಆರದೆ ದಾಖಲೆಗೆ ಹೋಗಬೇಕಾದರೆ ಅದು ಅವರ ಸ್ವಂತ ಭಾಷೆಯಲ್ಲಿಯೇ ಹೊರಡಬೇಕು.

ಪ್ರಶ್ನೆ: ಅಂಗಡಿ ಬಾಡಿಗೆಯ ವಿವಾದದಲ್ಲಿ ನನ್ನನ್ನು ಠಾಣೆಗೆ ಕರೆಸಿ, ಅವಾಚ್ಯವಾಗಿ ಬೈದು, ಕುತ್ತಿಗೆ ಹಿಡಿದು ತಳ್ಳಿದರು. ಅಲ್ಲಿ ಕ್ಯಾಮೆರಾ ಇತ್ತು. ದೃಶ್ಯಾವಳಿ ಕೇಳಿದರೆ ಒಮ್ಮೆ 'ಕ್ಯಾಮೆರಾ ಕೆಟ್ಟಿತ್ತು' ಎನ್ನುತ್ತಾರೆ, ಇನ್ನೊಮ್ಮೆ 'ಹಳೆಯದು ಅಳಿಸಿಹೋಗಿದೆ' ಎನ್ನುತ್ತಾರೆ. ಏನು ಮಾಡಬೇಕು?
(ವ್ಯಾಪಾರಿ, ಕುಂಬಳೆ)

ಉತ್ತರ: ಈ ಎರಡು ಉತ್ತರಗಳಿಗೂ ಸುಪ್ರೀಂ ಕೋರ್ಟು ಮೊದಲೇ ಕಡಿವಾಣ ಹಾಕಿದೆ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಬಂದ ತೀರ್ಪಿನಂತೆ ಪ್ರತಿ ಠಾಣೆಯ ಮುಖ್ಯ ಗೇಟು, ಒಳಹೋಗುವ ಹೊರಬರುವ ಎಲ್ಲ ಬಾಗಿಲುಗಳು, ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಕೊಠಡಿಗಳು, ಠಾಣೆಯ ಹಿಂಭಾಗ, ಶೌಚಾಲಯದ ಹೊರಗಿನ ಜಾಗ ಇವೆಲ್ಲವೂ ಕ್ಯಾಮೆರಾದ ಕಣ್ಣಿಗೆ ಬೀಳಬೇಕು. ಬಂದವರನ್ನು ಸ್ವಾಗತಿಸುವ ಮೇಜಿನ ಮೇಲ್ಗಡೆ ಒಂದು ಕ್ಯಾಮೆರಾ ತೂಗುಹಾಕಿ, ಬರೆಯುವವರ ಕೋಣೆಯಿಂದ ಹಿಂದಕ್ಕೆ ಹೋಗುವ ಓಣಿಯನ್ನು ಹಾಗೇ ಬಿಟ್ಟರೆ ಆದೇಶ ಪಾಲಿಸಿದಂತಾಗುವುದಿಲ್ಲ. ಚಿತ್ರದ ಜೊತೆಗೆ ಧ್ವನಿಯೂ ಮುದ್ರಣವಾಗಬೇಕು. ಮುದ್ರಿತವಾದುದನ್ನು 18 ತಿಂಗಳು ಕಾಪಾಡಬೇಕು; ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆಯಾಗುವಂತಿಲ್ಲ. ತಮ್ಮ ಘಟನೆ ನಡೆದು ವರ್ಷ ತುಂಬಿಲ್ಲವಾದರೆ 'ಅಳಿಸಿಹೋಗಿದೆ' ಎಂಬುದು ಉತ್ತರವಲ್ಲ, ಆದೇಶ ಉಲ್ಲಂಘನೆಯ ಒಪ್ಪಿಗೆ.

'ಕೆಟ್ಟಿತ್ತು' ಎಂಬ ಮಾತಿಗೂ ಲೆಕ್ಕವಿದೆ. ಕ್ಯಾಮೆರಾಗಳ ಜವಾಬ್ದಾರಿ ಠಾಣಾಧಿಕಾರಿಯದು. ಉಪಕರಣ ಕೆಟ್ಟರೆ ಅವರು ಕೂಡಲೇ ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಗೆ ವರದಿ ಮಾಡಬೇಕು. ಅಷ್ಟೇ ಅಲ್ಲ, ಕ್ಯಾಮೆರಾ ಕೆಟ್ಟಿದ್ದ ಅವಧಿಯಲ್ಲಿ ಆ ಠಾಣೆಯಲ್ಲಿ ನಡೆದ ಬಂಧನ ಮತ್ತು ವಿಚಾರಣೆಗಳ ವಿವರವನ್ನೂ ಆ ಸಮಿತಿಗೆ ಕಳುಹಿಸಬೇಕು. ಆದುದರಿಂದ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ದೃಶ್ಯಾವಳಿಯೊಂದನ್ನೇ ಕೇಳಬೇಡಿ. ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯಾವಳಿ ಬೇಕು ಎಂದು ಬರೆದು, ಅದರ ಕೆಳಗೆ, ಕ್ಯಾಮೆರಾ ಕೆಟ್ಟಿದ್ದರೆ ಠಾಣಾಧಿಕಾರಿ ಸಮಿತಿಗೆ ಕಳುಹಿಸಿದ ವರದಿಯ ಪ್ರತಿ ಬೇಕು ಎಂದೂ, ಅಳಿಸಿಹೋಗಿದ್ದರೆ ಯಾವ ದಿನ ಅಳಿಸಿತು, ಎಷ್ಟು ದಿನ ಉಳಿಯುವ ಉಪಕರಣವಿದೆ ಎಂಬ ಮಾಹಿತಿ ಬೇಕು ಎಂದೂ ಸೇರಿಸಿ. 10 ರೂಪಾಯಿ ಶುಲ್ಕ, 30 ದಿನಗಳ ಗಡು. ಉತ್ತರ ಬಾರದಿದ್ದರೆ ಅಥವಾ ನಿರಾಕರಿಸಿದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗ. ಇದರ ಜೊತೆಗೆ, ಅಂದಿನ ದೃಶ್ಯಾವಳಿಯನ್ನು ಅಳಿಸದೆ ಕಾಪಾಡಬೇಕೆಂದು ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೂ ದೂರು ಪ್ರಾಧಿಕಾರಕ್ಕೂ ಇವತ್ತೇ ಪತ್ರ ಬರೆಯಿರಿ.

ಈ ಹಾದಿ ದೂರದ್ದು, ಆದರೆ ಗುರಿ ಮುಟ್ಟಿಸುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದಲ್ಲಿ ಉದಾಹರಣೆಯಿದೆ. ತ್ರಿಶೂರು ಜಿಲ್ಲೆಯ ಕುನ್ನಂಕುಳಂ ಠಾಣೆಯಲ್ಲಿ 2023ರ ಏಪ್ರಿಲ್‌ನಲ್ಲಿ ಯುವ ರಾಜಕೀಯ ಕಾರ್ಯಕರ್ತರೊಬ್ಬರಿಗೆ ಪೊಲೀಸರು ಹೊಡೆದರು. ಅವರು ಮಾಹಿತಿ ಹಕ್ಕಿನ ಮೂಲಕ ಠಾಣೆಯ ದೃಶ್ಯಾವಳಿ ಕೇಳಿ, ನಿರಾಕರಣೆ ಬಂದರೂ ಬಿಡದೆ, ಮಾಹಿತಿ ಆಯೋಗದ ತನಕ ಹೋಗಿ ಅದನ್ನು ಪಡೆದರು. 2025ರ ಸೆಪ್ಟೆಂಬರ್‌ನಲ್ಲಿ ಆ ದೃಶ್ಯಗಳನ್ನು ರಾಜ್ಯವೇ ನೋಡಿತು, ಮತ್ತು ಸಂಬಂಧಪಟ್ಟ ಪೊಲೀಸರು ಅಮಾನತಾದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು ಎಂಬುದು ದುಃಖದ ಮಾತು. ಆದರೆ ಆ ದೃಶ್ಯಾವಳಿ ಸಿಗದಿದ್ದರೆ ಆ ಘಟನೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎಂಬಲ್ಲಿಗೇ ನಿಂತುಬಿಡುತ್ತಿತ್ತು.

ಇನ್ನೊಂದು ಅಂಶವನ್ನು ವ್ಯಾಪಾರಿ ಸಂಘದವರು ಗಮನಿಸಬೇಕು. ಮೇಲೆ ಹೇಳಿದ ಜಿಲ್ಲಾ ಮೇಲ್ವಿಚಾರಣಾ ಸಮಿತಿಯಲ್ಲಿ ಕಂದಾಯ ಆಡಳಿತದ ಅಧಿಕಾರಿ, ಜಿಲ್ಲಾಧಿಕಾರಿ ಮತ್ತು ಪೊಲೀಸ್ ಮುಖ್ಯಸ್ಥರ ಜೊತೆಗೆ ನಗರಸಭೆಯ ಅಥವಾ ಜಿಲ್ಲಾ ಪಂಚಾಯತಿನ ಮುಖ್ಯಸ್ಥರೂ ಇರಬೇಕೆಂದು ನ್ಯಾಯಾಲಯ ಹೇಳಿದೆ. ಯಾರೂ ದೂರು ಕೊಡದಿದ್ದರೂ ಮಾನವ ಹಕ್ಕುಗಳ ಉಲ್ಲಂಘನೆ ನಡೆದಿದೆಯೇ ಎಂದು ದೃಶ್ಯಾವಳಿಗಳನ್ನು ಪರಿಶೀಲಿಸುವುದು ಆ ಸಮಿತಿಯ ಕೆಲಸಗಳಲ್ಲೊಂದು. ಅಂದರೆ ನಾವು ಮತ ಹಾಕಿ ಕಳುಹಿಸಿದ ಒಬ್ಬರಿಗೆ ಠಾಣೆಯೊಳಗಿನದನ್ನು ನೋಡುವ ಹೊಣೆಯಿದೆ. ಅವರು ಕಳೆದ ಸಭೆಯಲ್ಲಿ ಏನು ನೋಡಿದರು ಎಂದು ಕೇಳುವುದಕ್ಕೆ ತಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಪ್ರಶ್ನೆ: ನಾನು ನಮ್ಮ ಠಾಣೆಯ ಜನಮೈತ್ರಿ ಸಮಿತಿಯ ಸದಸ್ಯ. ಪೊಲೀಸರ ವರ್ತನೆಯ ಬಗ್ಗೆ ಬರುವ ದೂರುಗಳನ್ನು ನಮ್ಮ ಸಮಿತಿ ವಿಚಾರಿಸಬಹುದೇ?
(ಪೈವಳಿಕೆ)

ಉತ್ತರ: ವಿಚಾರಿಸುವ ಅಧಿಕಾರವಿಲ್ಲ. 2008ರಲ್ಲಿ ಆರಂಭವಾದ ಜನಮೈತ್ರಿ ಯೋಜನೆಯ ಉದ್ದೇಶ ಬೀಟ್ ಪೊಲೀಸರು ಮನೆಮನೆಗೆ ಹೋಗಿ ಜನರನ್ನು ಪರಿಚಯಿಸಿಕೊಳ್ಳುವುದು, ಅಪರಾಧ ತಡೆಗೆ ಊರಿನವರ ಸಹಕಾರ ಪಡೆಯುವುದು. ಸಮಿತಿಯನ್ನು ರಚಿಸುವವರೂ ಸಭೆ ಕರೆಯುವವರೂ ಪೊಲೀಸರೇ ಆದುದರಿಂದ ಅದನ್ನು ನಾಗರಿಕ ಮೇಲ್ವಿಚಾರಣೆ ಎನ್ನಲಾಗದು. ಆದರೂ ತಮಗೆ ಒಂದು ಅನುಕೂಲವಿದೆ: ಸಭೆಯಲ್ಲಿ ತಾವು ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಡಬೇಕು. ಠಾಣೆಯ ಮುಂದೆ ಕ್ಯಾಮೆರಾ ಮತ್ತು ದೂರಿನ ಹಕ್ಕುಗಳ ಬಗ್ಗೆ ದೊಡ್ಡ ಫಲಕವನ್ನು ಇಂಗ್ಲಿಷ್, ಹಿಂದಿಯ ಜೊತೆಗೆ ಸ್ಥಳೀಯ ಭಾಷೆಯಲ್ಲಿಯೂ ಹಾಕಬೇಕೆಂದು 2020ರ ತೀರ್ಪು ಹೇಳಿದೆ. ತಮ್ಮ ಠಾಣೆಯಲ್ಲಿ ಆ ಫಲಕ ಇದೆಯೇ, ಕನ್ನಡದಲ್ಲಿ ಇದೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿ, ಕೇಳಿದ್ದನ್ನು ಬರೆಸಿ.

ಪ್ರಶ್ನೆ: ನಾನು ಪೊಲೀಸ್ ಇಲಾಖೆಯಿಂದ ನಿವೃತ್ತನಾದವನು. ಕೇಸಿನಲ್ಲಿ ಸಿಕ್ಕಿಬಿದ್ದವರು ಸೇಡಿಗಾಗಿ ಪೊಲೀಸರ ಮೇಲೆ ಸುಳ್ಳು ದೂರು ಕೊಡುವುದನ್ನು ಕಣ್ಣಾರೆ ಕಂಡಿದ್ದೇನೆ. ಪ್ರತಿಯೊಬ್ಬರೂ ಪೊಲೀಸರನ್ನು ವಿಚಾರಿಸಲು ಹೊರಟರೆ ಪ್ರಾಮಾಣಿಕನಾದವನು ಕೆಲಸ ಮಾಡುವುದು ಹೇಗೆ?
(ಹೊಸದುರ್ಗ)

ಉತ್ತರ: ತಮ್ಮ ಆತಂಕ ನ್ಯಾಯವಾದುದು. ಸುಳ್ಳು ದೂರುಗಳು ಬರುತ್ತವೆ. ಅದಕ್ಕಾಗಿಯೇ ದೂರನ್ನು ಸಾಕ್ಷ್ಯ ತೂಗಿ ಅಭ್ಯಾಸವಿರುವ ನ್ಯಾಯಾಧೀಶರು ಕೇಳುವುದು ಪೊಲೀಸರಿಗೂ ಒಳ್ಳೆಯದು. ಪತ್ರಿಕೆಯ ಸುದ್ದಿ, ಪಕ್ಷದ ಪ್ರತಿಭಟನೆ ಇವುಗಳ ಒತ್ತಡಕ್ಕೆ ಮಣಿದು ಮೇಲಧಿಕಾರಿ ರಾತ್ರೋರಾತ್ರಿ ಹೊರಡಿಸುವ ಅಮಾನತು ಆದೇಶಕ್ಕಿಂತ, ತನ್ನ ಜನರಲ್ ಡೈರಿ ನಮೂದನ್ನೂ ಡ್ಯೂಟಿ ಪಟ್ಟಿಯನ್ನೂ ಮುಂದಿಟ್ಟು ತನ್ನ ಮಾತು ಹೇಳಲು ಅವಕಾಶವಿರುವ ವಿಚಾರಣೆ ಪ್ರಾಮಾಣಿಕ ಪೊಲೀಸನಿಗೆ ರಕ್ಷಣೆಯಲ್ಲವೇ? ಬೆಳಗ್ಗೆ ಬಂದವನನ್ನು ಯಾರೂ ಮುಟ್ಟಿಲ್ಲ ಎಂದು ಸಾಬೀತುಪಡಿಸುವುದೂ ಅದೇ ಕ್ಯಾಮೆರಾ.

ಪ್ರಕಾಶ್ ಸಿಂಗ್ ತೀರ್ಪಿನ ಏಳು ನಿರ್ದೇಶನಗಳಲ್ಲಿ ದೂರು ಪ್ರಾಧಿಕಾರ ಒಂದು ಮಾತ್ರ. ಉಳಿದವುಗಳಲ್ಲಿ ಠಾಣಾಧಿಕಾರಿಗೂ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೂ ಕನಿಷ್ಠ ಎರಡು ವರ್ಷಗಳ ನಿಶ್ಚಿತ ಅವಧಿ, ವರ್ಗಾವಣೆಗಳನ್ನು ನಿರ್ಧರಿಸಲು ಹಿರಿಯ ಪೊಲೀಸ್ ಅಧಿಕಾರಿಗಳ ಮಂಡಳಿ, ತನಿಖೆಯ ಕೆಲಸವನ್ನು ಬಂದೋಬಸ್ತಿನ ಕೆಲಸದಿಂದ ಬೇರ್ಪಡಿಸುವುದು ಇವೆಲ್ಲ ಸೇರಿವೆ. ಯಾರದೋ ಮನೆಯಿಂದ ಬಂದ ಫೋನ್ ಕರೆಗೆ ಬಗ್ಗದ ಎಸ್‌ಐ ಮರುವಾರ ಬೇರೆ ಜಿಲ್ಲೆಗೆ ಹೋಗಬೇಕಾಗಿ ಬಾರದಿರಲಿ ಎಂಬ ಕಾಳಜಿ ಅವುಗಳಲ್ಲಿದೆ. ಪೊಲೀಸರನ್ನು ಪ್ರಶ್ನಿಸುವ ಹಕ್ಕು, ಪೊಲೀಸರನ್ನು ರಾಜಕೀಯ ಒತ್ತಡದಿಂದ ಕಾಪಾಡುವ ಕ್ರಮ ಎರಡನ್ನೂ ನ್ಯಾಯಾಲಯ ಒಂದೇ ತೀರ್ಪಿನಲ್ಲಿ ಇಟ್ಟಿದೆ. ತಮ್ಮಂತಹ ಅನುಭವಿಗಳು ಎರಡನೆಯದರ ಬಗ್ಗೆ ಗಟ್ಟಿಯಾಗಿ ಮಾತನಾಡಿದರೆ ಮೊದಲನೆಯದಕ್ಕೂ ಬಲ ಬರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮ, ಅಲ್ಲಿ ಊರಿನ ಪೊಲೀಸರನ್ನು ಊರಿನ ನಾಗರಿಕರ ಮಂಡಳಿಯೇ ವಿಚಾರಿಸುತ್ತದೆ ಎನ್ನುತ್ತಾನೆ. ಇಲ್ಲಿ ಯಾಕೆ ಹಾಗಿಲ್ಲ?
(ಉಪ್ಪಳ)

ಉತ್ತರ: ಅಲ್ಲಿನ ಪೊಲೀಸ್ ವ್ಯವಸ್ಥೆಯೇ ಬೇರೆ ರೀತಿಯದು. ಹೆಚ್ಚಿನ ನಗರಗಳಿಗೂ ಕೌಂಟಿಗಳಿಗೂ ತಮ್ಮದೇ ಪೊಲೀಸ್ ಪಡೆಗಳಿವೆ. ದೇಶದಲ್ಲಿ ಒಟ್ಟು ಸುಮಾರು 18,000 ಪಡೆಗಳು. ಪೊಲೀಸರಿಗೆ ಸಂಬಳ ಕೊಡುವುದು ನಗರವಾದುದರಿಂದ ಲೆಕ್ಕ ಕೇಳುವುದೂ ನಗರವೇ. ಲಾಸ್ ಏಂಜಲೀಸ್‌ನಲ್ಲಿ ಮೇಯರ್ ನೇಮಿಸುವ ಐವರು ನಾಗರಿಕರ ಆಯೋಗ ಪೊಲೀಸ್ ಇಲಾಖೆಯ ಮೇಲಿದೆ. ನ್ಯೂಯಾರ್ಕಿನಲ್ಲಿ ದೂರು ಪರಿಶೀಲನಾ ಮಂಡಳಿ 1993ರಿಂದ ಪೂರ್ತಿ ನಾಗರಿಕರದ್ದಾಗಿದ್ದು, ತನ್ನದೇ ತನಿಖಾಧಿಕಾರಿಗಳನ್ನು ಹೊಂದಿದೆ. ಆದರೂ ಅಂತಿಮ ಶಿಸ್ತುಕ್ರಮ ಪೊಲೀಸ್ ಕಮಿಷನರ್ ಕೈಯಲ್ಲಿಯೇ ಇರುವುದರಿಂದ ಅಲ್ಲಿಯೂ ಜನರ ಅಸಮಾಧಾನ ಮುಗಿದಿಲ್ಲ. ನನಗೆ ಹೆಚ್ಚು ಮೆಚ್ಚುಗೆಯಾಗುವುದು ಉತ್ತರ ಐರ್ಲೆಂಡಿನ ಪೊಲೀಸ್ ಒಂಬುಡ್ಸ್‌ಮನ್ ವ್ಯವಸ್ಥೆ. ದಶಕಗಳ ಹಿಂಸೆಯಿಂದ ಜನರಿಗೂ ಪೊಲೀಸರಿಗೂ ನಡುವೆ ನಂಬಿಕೆಯೇ ಇಲ್ಲವಾಗಿದ್ದ ಆ ನಾಡಿನಲ್ಲಿ 2000ದಲ್ಲಿ ಕೆಲಸ ಆರಂಭಿಸಿದ ಈ ಕಚೇರಿ, ಪೊಲೀಸರ ಮೇಲಿನ ದೂರುಗಳನ್ನು ಪೊಲೀಸರ ನೆರವಿಲ್ಲದೆ ತನ್ನ ಸ್ವಂತ ತನಿಖಾಧಿಕಾರಿಗಳಿಂದಲೇ ವಿಚಾರಿಸುತ್ತದೆ.

ನಮ್ಮಲ್ಲಿ ಪೊಲೀಸ್ ಸಂವಿಧಾನದ ಏಳನೇ ಅನುಸೂಚಿಯಂತೆ ರಾಜ್ಯದ ವಿಷಯ. ಪಂಚಾಯತಿಗೂ ನಗರಸಭೆಗೂ ಠಾಣೆಯ ಮೇಲೆ ಅಧಿಕಾರವಿಲ್ಲ. ಅದನ್ನು ಪಂಚಾಯತಿಗೆ ಒಪ್ಪಿಸಬೇಕೆಂದು ನಾನು ಹೇಳಲಾರೆ, ಸ್ಥಳೀಯ ಪಕ್ಷ ರಾಜಕೀಯ ಠಾಣೆಯೊಳಗೆ ಇನ್ನಷ್ಟು ಬೇರುಬಿಟ್ಟೀತು. ಆದರೆ ದೂರು ಪ್ರಾಧಿಕಾರಕ್ಕೆ ಸ್ವಂತ ತನಿಖಾಧಿಕಾರಿಗಳನ್ನು ಕೊಡಲು, ಪೊಲೀಸ್ ಮುಖ್ಯಸ್ಥರ ಸ್ಥಾನದಲ್ಲಿ ಸ್ವತಂತ್ರ ನಾಗರಿಕರನ್ನು ಕೂರಿಸಲು, ಪ್ರತಿ ವರ್ಷ ಎಷ್ಟು ದೂರು ಬಂತು, ಎಷ್ಟರಲ್ಲಿ ಶಿಫಾರಸಾಯಿತು, ಎಷ್ಟು ಜಾರಿಯಾಯಿತು ಎಂಬುದನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲಿಯೂ ಪ್ರಕಟಿಸಲು ಸಂವಿಧಾನವೇನೂ ಅಡ್ಡಿಯಲ್ಲ. ವಿಧಾನಸಭೆ ಮನಸ್ಸು ಮಾಡಿದರೆ 110ನೇ ಸೆಕ್ಷನ್ನಿನ ಒಂದು ತಿದ್ದುಪಡಿ ಸಾಕು. ಕಾಸರಗೋಡಿನವರಿಗೆ ಇದು ಹೆಚ್ಚು ಅಗತ್ಯ. ರಾಜ್ಯ ಪ್ರಾಧಿಕಾರ ಇರುವ ತಿರುವನಂತಪುರ ನಮಗೆ ಒಂದಿಡೀ ರಾತ್ರಿಯ ರೈಲು ಪ್ರಯಾಣದ ದೂರದಲ್ಲಿದೆ. ಗಾಯಗೊಂಡ ಕೂಲಿಕಾರ ಅಲ್ಲಿಗೆ ಹೋಗಿ ಬರಲು ಎರಡು ದಿನದ ದುಡಿಮೆ ಬಿಡಬೇಕು, ಆದುದರಿಂದ ಜಿಲ್ಲೆಯಲ್ಲಿರುವ ಪ್ರಾಧಿಕಾರವೇ ಗಟ್ಟಿಯಾಗಿರಬೇಕು.

ಪ್ರಶ್ನೆ: ತಲಪಾಡಿ ಗಡಿಯ ಆಚೆ ಕರ್ನಾಟಕ ಪೊಲೀಸರು ನನ್ನ ಆಟೋ ತಡೆದು ರಶೀದಿಯಿಲ್ಲದೆ ಹಣ ಪಡೆದರು. ಕಾಸರಗೋಡಿನ ಪ್ರಾಧಿಕಾರಕ್ಕೆ ದೂರು ಕೊಡಬಹುದೇ?
(ಹೊಸಂಗಡಿ)

ಉತ್ತರ: ಆಗುವುದಿಲ್ಲ. ಘಟನೆ ನಡೆದ ಸ್ಥಳ ಮತ್ತು ಆರೋಪಿತ ಪೊಲೀಸರು ಯಾವ ರಾಜ್ಯದವರು ಎಂಬುದರ ಮೇಲೆ ಅಧಿಕಾರ ವ್ಯಾಪ್ತಿ ನಿಂತಿದೆ. ಕರ್ನಾಟಕದಲ್ಲಿಯೂ 2012ರ ತಿದ್ದುಪಡಿಯ ಮೂಲಕ ಕರ್ನಾಟಕ ಪೊಲೀಸ್ ಕಾಯ್ದೆಯಡಿ ರಾಜ್ಯ ಮತ್ತು ಜಿಲ್ಲಾ ಮಟ್ಟದ ದೂರು ಪ್ರಾಧಿಕಾರಗಳಿವೆ. ತಾವು ಅಲ್ಲಿಗೆ ಬರೆಯಬೇಕು. ಹಣ ಪಡೆದುದು ಲಂಚವೆನಿಸುವುದರಿಂದ ಕರ್ನಾಟಕ ಲೋಕಾಯುಕ್ತಕ್ಕೂ ದೂರು ಸಲ್ಲಿಸಬಹುದು. ಗಡಿಯ ಈಚೆ ಇಂಥದ್ದು ನಡೆದರೆ ಮೊಬೈಲಿನಲ್ಲಿ ಚಿತ್ರೀಕರಿಸಲು ಹಿಂಜರಿಯಬೇಡಿ: ಸಾರ್ವಜನಿಕ ಸ್ಥಳದಲ್ಲಿ ಪೊಲೀಸರು ಮಾಡುವ ಕೆಲಸವನ್ನು ಜನರು ಕಾನೂನುಬದ್ಧವಾಗಿ ಚಿತ್ರೀಕರಿಸುವುದನ್ನು ಯಾವ ಪೊಲೀಸ್ ಅಧಿಕಾರಿಯೂ ತಡೆಯಬಾರದು ಎಂದು ಕೇರಳ ಪೊಲೀಸ್ ಕಾಯ್ದೆಯ 33ನೇ ಸೆಕ್ಷನ್ ಹೇಳುತ್ತದೆ. ದೂರು ಬರೆಯಲು ವಕೀಲರ ನೆರವು ಬೇಕಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಇಂತಹ ವಿಶೇಷ ವರ್ಗಗಳಿಗೆ ಸೇರದವರಿಗೆ ಆದಾಯದ ಮಿತಿ ಅನ್ವಯಿಸುತ್ತದೆ.